ಬೇರಿನ ಪಾಲು

ಮಾರ್ಚ್ 3

ಕಾಡು ಸೇರಿ ಮನೆ ಮರೆತ ನನ್ನ ನಾದಿನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಣ್ಣ ಸ್ವಲ್ಪ ಹೆಚ್ಚಾಗಿಯೇ ಚೆನ್ನಾಗಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಊರವರ ಬಾಯಿ ತೆರೆಸಿ ಹಲ್ಲು ಕೀಳುವ ಡಾಕ್ಟರು ಮನೆಗೆ ಬಂದ ಮೇಲೆ ತಮ್ಮ ಬಾಯಿ ಮಾತ್ರ ಮುಚ್ಚುವುದಿಲ್ಲ. ನಿನ್ನೆ ಊಟಕ್ಕೆ ಕೂತಾಗ ಶುರು ಮಾಡಿದರು: “ಅಲ್ಲ ಕಣೇ, ಮದುವೆಯಾಗಿ ಇಷ್ಟು ವರ್ಷ ಆಯ್ತು. ನಿಮ್ಮ ಹೆಂಡತಿ ಆಫೀಸಲ್ಲಿ ಏನು ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ ಇವತ್ತಿಗೂ ನಾನು ಬ್ಬೆಬ್ಬೆಬ್ಬೆ ಅಂತೀನಿ.”

ಸರಿ, ಮೇಜಿನ ಮೇಲೆ ಮೂರು ಬಟ್ಟಲು ಇಟ್ಟೆ. ಒಂದು ಗಾಳಿ, ಒಂದು ಕಡಲು, ಒಂದು ನೆಲ. ನಾವು ಉರಿಸುವ ಕಲ್ಲಿದ್ದಲು, ಪೆಟ್ರೋಲಿನ ಇಂಗಾಲವೆಲ್ಲ ಮೊದಲು ಗಾಳಿಯ ಬಟ್ಟಲಿಗೆ ಬೀಳುತ್ತದೆ. ಅದರಲ್ಲಿ ಒಂದಿಷ್ಟನ್ನು ಕಡಲು ಕುಡಿಯುತ್ತದೆ. ಒಂದಿಷ್ಟನ್ನು ಗಿಡಮರ ತಿನ್ನುತ್ತವೆ, ಎಲೆ ಉದುರಿ ಮಣ್ಣು ಸೇರುತ್ತದೆ, ಮಣ್ಣು ಅದನ್ನು ನಿಧಾನವಾಗಿ ಉಸಿರಾಗಿ ವಾಪಸ್ ಬಿಡುತ್ತದೆ. ಕೊನೆಗೆ ಗಾಳಿಯಲ್ಲಿ ಉಳಿದದ್ದೆಷ್ಟು, ಅದರಿಂದ ಭೂಮಿಗೆ ಎಷ್ಟು ಕಾವು ಏರುತ್ತದೆ, ಇದೇ ನನ್ನ ಕಂಪ್ಯೂಟರಿನ ಲೆಕ್ಕ ಅಂದೆ. “ಇಷ್ಟೇನಾ? ಇದಕ್ಕೆ ಸಂಬಳ ಬೇರೆ ಕೊಡ್ತಾರಾ?” ಅಂದರು. ಮೂರೂ ಬಟ್ಟಲು ಅವರ ಕೈಲೇ ತೊಳೆಸಿದೆ.

ನಮ್ಮ ಎದುರಿನ ಕಟ್ಟಡದಲ್ಲಿ ಇದೇ ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್ ಮಾದರಿ ನಿನಗೆ ಗೊತ್ತಲ್ಲ, ನಾವು ‘ಆನೆ’ ಅಂತ ಕರೆಯೋದು. ಅದು ಒಂದೊಂದು ಮೋಡವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಅದರ ಮೈಕಾವು ಆರಿಸುವ ಫ್ಯಾನುಗಳ ಸದ್ದಿಗೆ ನನ್ನ ಕಿಟಕಿಯ ಗಾಜು ನಡುಗುತ್ತದೆ. ನನ್ನ ಚಿಕ್ಕ ಮಾದರಿ ‘ಚಿಟಿಕೆ’ ಹಾಗಲ್ಲ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ. ಸಾವಿರ ಥರ “ಹೀಗಾದರೆ? ಹಾಗಾದರೆ?” ಅಂತ ಕೇಳಬಹುದು, ಬೇಜಾರು ಮಾಡಿಕೊಳ್ಳುವುದಿಲ್ಲ.

ಮೇ ತಿಂಗಳಲ್ಲಿ ಇಂಥ ಚಿಕ್ಕ ಮಾದರಿಗಳಿಗೆಲ್ಲ ಪರೀಕ್ಷೆಯಿದೆ. ಇಲ್ಲಿಯವರೆಗೆ ಲೋಕ ಬಿಟ್ಟ ಹೊಗೆಯ ಲೆಕ್ಕ ಕೊಡುತ್ತಾರೆ, ಗಾಳಿಯಲ್ಲಿ ಇಂಗಾಲ ಎಷ್ಟಾಗಿರಬೇಕು ಅಂತ ಮಾದರಿ ಹೇಳಬೇಕು, ಅದು ನಿಜವಾಗಿ ಅಳೆದದ್ದಕ್ಕೆ ಹೊಂದಬೇಕು. ಅದಕ್ಕೇ ಚಿಟಿಕೆಯ ಹಳೇ ನೆಲದ ಬಟ್ಟಲು ಒಡೆದು, ನಿನ್ನ ಈ ವರ್ಷದ ಅಳತೆಗಳಿಂದ ಹೊಸದು ಕಟ್ಟುತ್ತಿದ್ದೇನೆ. ಮಣ್ಣಿನ ಉಸಿರಿಗೆ ಕಿವಿಗೊಟ್ಟು ಕೂತಿರುವ ನಾದಿನಿ ಯಾರಿಗುಂಟು ಯಾರಿಗಿಲ್ಲ!

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತಿಗೆ

*

ಮಾರ್ಚ್ 14

ಪ್ರೀತಿಯ ಅತ್ತಿಗೆ,

ತರಕಾರಿ ಗಾಡಿಯಲ್ಲಿ ಆಲೂಗಡ್ಡೆ ಮೂಟೆಯ ಮೇಲೆ ಕೂತು ನಿಮ್ಮ ಕಾಗದ ಬಂತು. ಅಣ್ಣನ ಕೈಲಿ ಬಟ್ಟಲು ತೊಳೆಸಿದ ಸುದ್ದಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಒಬ್ಬಳೇ ನಗುವುದು ಕೇಳಿ ಡ್ರೈವರ್ ಗಾಬರಿಯಾಗಿ ಇಣುಕಿ ನೋಡಿದರು. ಇಲ್ಲಿನ ನೆಟ್‌ಗೆ ನನ್ನ ಅಂಕಿಗಳನ್ನು ಹೊರುವಷ್ಟು ಮಾತ್ರ ತ್ರಾಣ. ವೈರ್‌ಲೆಸ್ ಇದೆ, ಅದರಲ್ಲಿ ಮಾತಾಡಿದರೆ ಅರಣ್ಯದ ಎಲ್ಲ ಚೌಕಿಗಳಿಗೂ ಕೇಳುತ್ತದೆ. ಹಾವು ಕಚ್ಚಿದರೆ, ಬೆಂಕಿ ಬಿದ್ದರೆ ಮಾತ್ರ ಮುಟ್ಟಬೇಕಂತೆ. ಹಾಗಾಗಿ ವಾರಕ್ಕೊಮ್ಮೆ ಬರುವ ಈ ಗಾಡಿಯೇ ನನಗೆ ಗತಿ.

ಮಣ್ಣಿನ ಮೇಲೆ ಬೋರಲು ಹಾಕಿದ ಡಬ್ಬಿಗಳು ತಾವಾಗಿ ಮುಚ್ಚಳ ಮುಚ್ಚಿಕೊಳ್ಳುತ್ತವೆ, ಒಳಗೆ ಇಂಗಾಲದ ಗಾಳಿ ಎಷ್ಟು ಬೇಗ ಏರಿತು ಅಂತ ಅಳೆದು ಮತ್ತೆ ತೆರೆದುಕೊಳ್ಳುತ್ತವೆ. ಹೇಳೋಕೆ ಇಷ್ಟೇ. ಆದರೆ ಮೊನ್ನೆ ಮೊದಲ ಮಳೆ ಬಿತ್ತು ಅತ್ತಿಗೆ! ಒಣಗಿ ಮಲಗಿದ್ದ ಮಣ್ಣು ಎದ್ದು ಒಂದು ನಿಟ್ಟುಸಿರು ಬಿಡ್ತು ನೋಡಿ, ಪರದೆಯ ಮೇಲಿನ ಗೆರೆ ಸೊಯ್ಯಂತ ಮೇಲೇರಿತು. ಒದ್ದೆ ಕೂದಲಲ್ಲೇ ನಿಂತು ಚಪ್ಪಾಳೆ ಹೊಡೆದೆ. ಮರುದಿನ ಇನ್ನೊಂದು ಡಬ್ಬಿಯಲ್ಲೂ ಹಾಗೇ ಏರಿತು, ಓಡಿಹೋಗಿ ನೋಡಿದರೆ ಕಾಡುಹಂದಿ ಅದಕ್ಕೆ ಒರಗಿಕೊಂಡು ನಿದ್ದೆ ಹೊಡೀತಿದೆ. ಆ ಅಂಕಿ ತೆಗೆದುಹಾಕಿದ್ದೇನೆ, ಹೆದರಬೇಡಿ.

ನನ್ನ ಅಂಕಿಗಳೆಲ್ಲ ಯಾರು ಬೇಕಾದರೂ ತೆಗೆದುಕೊಳ್ಳುವ ತೆರೆದ ಭಂಡಾರಕ್ಕೆ ಹೋಗುತ್ತವೆ. ಆದರೆ ಲೋಕದಲ್ಲಿ ಅವನ್ನು ಓದುವವರು ನೀವೊಬ್ಬರೇ ಅಂತ ನನಗೆ ಗೊತ್ತು. ಅದಕ್ಕೇ ಈ ವರ್ಷದ್ದರಲ್ಲಿ ನಿಮಗೊಂದು ಉಡುಗೊರೆ ಇಟ್ಟಿದ್ದೇನೆ. ಏನು ಅಂತ ಈಗ ಕೇಳಬೇಡಿ. ಪರೀಕ್ಷೆ ಮುಗಿದ ದಿನ ಹೇಳ್ತೀನಿ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ, ಬೀಗದ ಕೈ ಕೊಳಕ್ಕೆ ಎಸೆದಿದ್ದೇನೆ.

ನಿಮ್ಮ ನಾದಿನಿ

*

ಮಾರ್ಚ್ 27

ಬಾಯಿಗೆ ಬೀಗ ಹಾಕಿಕೊಂಡವಳಿಗೆ,

ನಿನ್ನ ಕಾಗದವನ್ನು ನಾನು ಒಂದು ಸಲ ಓದಿದೆ, ನಿಮ್ಮಣ್ಣ ನಾಲ್ಕು ಸಲ ಓದಿದರು. “ಉಡುಗೊರೆ ಅಂತೆ, ಗುಟ್ಟು ಅಂತೆ, ಡ್ರೈವರ್ ಇಣುಕಿ ನೋಡ್ತಾನಂತೆ. ಯಾವನೋ ಸಿಕ್ಕಿದ್ದಾನೆ ಕಣೇ ಇವಳಿಗೆ!” ಅಂತ ಮನೆಯೆಲ್ಲ ಓಡಾಡಿದರು. ಸಂಜೆ ಹೊತ್ತಿಗೆ ಟೈಲರ್ ಹತ್ತಿರ ಹೋಗಿ ಹೊಸ ಕೋಟಿಗೆ ಅಳತೆ ಕೊಟ್ಟು ಬಂದರು. ಹೊಟ್ಟೆ ಬೆಳೆದದ್ದಕ್ಕೆ ಕಾರಣ ಬೇಕಿತ್ತು ಅಂತ ನನ್ನ ಗುಮಾನಿ.

ತಮಾಷೆ ಇರಲಿ. ನಿನ್ನ ಮನಸ್ಸಲ್ಲಿ ಏನಾದರೂ ಇದ್ದರೆ ನನಗೆ ಹೇಳಬಹುದು. ನಾನೇನು ಬೈಯುವವಳಲ್ಲ. ಏನೋ ಹೆಚ್ಚುಕಮ್ಮಿ ಆಗಿದ್ದರೂ ಹೇಳಿಬಿಡು, ತಿದ್ದಿಕೊಳ್ಳಲಾಗದ್ದು ಯಾವುದೂ ಇಲ್ಲ.

ಹಾಗೇ ಸುಮ್ಮನೆ ಕೇಳುತ್ತಿದ್ದೇನೆ: ಡಬ್ಬಿಗಳ ಮುಚ್ಚಳಗಳು ಬಿಗಿಯಾಗಿ ಕೂರುತ್ತಿವೆ ತಾನೆ? ಎಲ್ಲೂ ಗಾಳಿ ಸೋರುತ್ತಿಲ್ಲವಲ್ಲ? ಅಳೆಯುವ ಯಂತ್ರವನ್ನು, ಇಂಗಾಲ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಗಾಳಿ ಬಿಟ್ಟು ಸರಿನೋಡಿ ಎಷ್ಟು ದಿನವಾಯಿತು? ನೀನು ಮಾಡಿಯೇ ಇರುತ್ತೀಯ, ನನಗೆ ಗೊತ್ತು. ಆದರೂ ಡಬ್ಬಿಗಳೆಲ್ಲ ಸರಿಯಾಗಿವೆ ಅಂತ ಒಂದು ಸಾಲು ಬರೆದುಬಿಡು.

ಇಲ್ಲಿ ಎಲ್ಲವೂ ಚೆನ್ನಾಗಿ ನಡೆದಿದೆ. ಚಿಟಿಕೆ ಆರೋಗ್ಯವಾಗಿದೆ. ಮನೆಯ ಹಿಂದಿನ ನಲ್ಲಿ ರಿಪೇರಿಯಾಯಿತು. ಬೇರೆ ವಿಶೇಷವಿಲ್ಲ.

ಅತ್ತಿಗೆ

*

ಏಪ್ರಿಲ್ 5

ಮಾನ್ಯ ಅತ್ತಿಗೆಯವರಿಗೆ,

ತಾವು ಕೇಳಿದ ಸಾಲು: ಡಬ್ಬಿಗಳೆಲ್ಲ ಸರಿಯಾಗಿವೆ.

ಇನ್ನೂ ಬೇಕಿದ್ದರೆ: ಒಂದೊಂದನ್ನೂ ಬಿಚ್ಚಿ ಒರೆಸಿ, ಸೋಪಿನ ನೀರು ಸವರಿ ಗುಳ್ಳೆ ಬರುತ್ತಾ ನೋಡಿ, ಮತ್ತೆ ಕೂರಿಸಿದ್ದೇನೆ. ಗುಳ್ಳೆ ಬರಲಿಲ್ಲ. ಯಂತ್ರವನ್ನೂ ಸರಿನೋಡಿದ್ದೇನೆ. ಮುಂಚೆಯೂ ಸರಿ ಇತ್ತು, ಈಗಲೂ ಸರಿ ಇದೆ.

ಒಂದೇ ಕಾಗದದಲ್ಲಿ ಒಂದೇ ಮಾತು ಮೂರು ಥರ ಕೇಳಿದ್ದೀರಿ. ಅಡ್ಡಗೋಡೆ ಮೇಲೆ ದೀಪ ಇಡೋದು ನಿಮ್ಮ ಜಾಯಮಾನ ಅಲ್ಲ. “ನಿನ್ನ ಅಳತೆ ಮೇಲೆ ನನಗೆ ನಂಬಿಕೆ ಇಲ್ಲ” ಅಂತ ನೇರವಾಗಿ ಹೇಳಿಬಿಡಿ, ನಾನೇನೂ ಸಕ್ಕರೆ ಗೊಂಬೆಯಲ್ಲ, ಕರಗುವುದಿಲ್ಲ. “ಹೆಚ್ಚುಕಮ್ಮಿ ಆಗಿದ್ದರೆ ತಿದ್ದಿಕೊಳ್ಳಬಹುದು” ಅಂದರೆ ಏನರ್ಥ? ನಾನು ಏನೋ ಮುಚ್ಚಿಡುತ್ತಿದ್ದೇನೆ ಅಂತಲೇ ತಾನೆ?

ಯಾವನೂ ಸಿಕ್ಕಿಲ್ಲ. ಡ್ರೈವರಿಗೆ ಮೊಮ್ಮಕ್ಕಳಿದ್ದಾರೆ. ಅಣ್ಣನಿಗೆ ಕೋಟು ವಾಪಸ್ ಕೊಡೋಕೆ ಹೇಳಿ.

ಇಂತಿ,
ಅಳತೆ ಕೇಂದ್ರದ ಉಸ್ತುವಾರಿ

*

ಏಪ್ರಿಲ್ 13

ಅಳತೆ ಕೇಂದ್ರದ ಉಸ್ತುವಾರಿಯವರಿಗೆ,

ತಮ್ಮ ಪತ್ರ ತಲುಪಿತು. ವಿವರಗಳಿಗೆ ಧನ್ಯವಾದ. ತಮ್ಮ ಅಳತೆಗಳಲ್ಲಿ ಅಪನಂಬಿಕೆ ನನಗಿಲ್ಲ, ಇದ್ದರೆ ನೇರವಾಗಿಯೇ ಹೇಳುತ್ತಿದ್ದೆ. ಇನ್ನು ಮುಂದೆ ತಮ್ಮ ಕೆಲಸದ ಬಗ್ಗೆ ನಾನು ಕೇಳುವುದಿಲ್ಲ.

ಇಲ್ಲಿ ಎಲ್ಲ ಕ್ಷೇಮ.

ತಮ್ಮ ಅತ್ತಿಗೆ

(ಇದೇ ಹಾಳೆಯ ಹಿಂಬದಿಯಲ್ಲಿ, ಬೇರೆ ಕೈಬರಹದಲ್ಲಿ)

ಪುಟ್ಟಿ, ಇದು ಅಣ್ಣ. ಲಕೋಟೆ ಅಂಟಿಸೋ ಕೆಲಸ ನನಗೆ ಕೊಟ್ಟಳು, ಅದಕ್ಕೇ ಅವಳಿಗೆ ಕಾಣದ ಹಾಗೆ ಗೀಚ್ತಾ ಇದೀನಿ. ‘ಎಲ್ಲ ಕ್ಷೇಮ’ ಅನ್ನೋದು ಶುದ್ಧ ಸುಳ್ಳು. ಚಿಟಿಕೆ ಮಲಗಿಬಿಟ್ಟಿದೆಯಂತೆ. ಹೊಸ ನೆಲ ಹಾಕಿದ ಮೇಲೆ ಆ ನೆಲ ಇಂಗಾಲವನ್ನ ಜಿಪುಣನ ಹಾಗೆ ಹಿಡಿದಿಟ್ಟುಕೊಳ್ಳುತ್ತಂತೆ, ಉಸಿರೇ ಬಿಡಲ್ವಂತೆ. ಗಾಳಿಯಲ್ಲಿ ನಿಜವಾಗಿ ಇರೋದಕ್ಕಿಂತ ತೀರಾ ಕಮ್ಮಿ ತೋರಿಸುತ್ತಂತೆ. ಪರೀಕ್ಷೆಯಲ್ಲಿ ಫೇಲಾದರೆ ಅವಳ ಕೋಣೆ ಆನೆಯವರಿಗೆ ಅಂತ ಅವಳ ಸಾಹೇಬರು, ಅದೇ ಮಾತಿಗೊಮ್ಮೆ ಗಡಿಯಾರ ನೋಡ್ತಾರಲ್ಲ ಅವರು, ಹೇಳಿಬಿಟ್ಟಿದ್ದಾರೆ. ಹತ್ತು ವರ್ಷ ಸಾಕಿದ ಕೂಸು ಕಣೇ ಅದು ಅವಳಿಗೆ. ಮೊನ್ನೆ ಟೀ ಲೋಟ ಕೈಲಿ ಹಿಡಿದುಕೊಂಡೇ ಟೀ ಲೋಟ ಹುಡುಕ್ತಾ ಇದ್ದಳು. ನಾನು ಹೇಳಿದೆ ಅಂತ ಹೇಳಬೇಡ. ಕೋಟು ವಾಪಸ್ ತಗೊಳ್ಳಲ್ವಂತೆ ಟೈಲರ್.

*

ಏಪ್ರಿಲ್ 19

ಅತ್ತಿಗೆ,

ಈ ‘ತಾವು’ ‘ತಮ್ಮ’ ಎಲ್ಲ ಸಾಕು. ಶುರು ಮಾಡಿದವಳು ನಾನೇ, ಒಪ್ಪಿದೆ. ಮೂಗಿನ ತುದಿಯಲ್ಲೇ ಕೋಪ ಅಂತ ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ.

ಚಿಟಿಕೆಗೆ ಹುಷಾರಿಲ್ಲ ಅಂತ ನನಗೆ ಗೊತ್ತಾಯಿತು. ಹೇಗೆ ಅಂತ ಕೇಳಬೇಡಿ, ಅಂಟು ಹಾಕಿದವರನ್ನೂ ಬೈಯಬೇಡಿ. ನನ್ನ ಅಂಕಿಗಳಿಂದಲೇ ನಿಮ್ಮ ನೆಲ ಜಿಪುಣವಾಗಿದ್ದರೆ ತಪ್ಪು ಇಲ್ಲೇ ಎಲ್ಲೋ ಇರಬೇಕು. ನಾನು ನೋಡಿ ನೋಡಿ ಕಣ್ಣು ಕುರುಡಾಗಿದೆ, ನನಗೆ ಕಾಣುತ್ತಿಲ್ಲ.

ನೀವೇ ಬನ್ನಿ. ಗುರುವಾರದ ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟು ಖಾಲಿ ಇರುತ್ತದೆ. ಅಲ್ಲಿಂದಲೇ ಕಾಗದದಲ್ಲಿ ಕೇಳಬೇಡಿ, ಬಂದು ನಿಮ್ಮ ಕಣ್ಣಲ್ಲಿ ನೋಡಿ, ನಿಮ್ಮ ಬಾಯಲ್ಲಿ ಬೈಯಿರಿ. ಒಂದು ವರ್ಷದಿಂದ ಯಾರೂ ಎದುರು ಕೂತು ಬೈದಿಲ್ಲ, ನನಗೂ ಬೇಕಾಗಿದೆ.

ನಿಮ್ಮ ನಾದಿನಿ

*

ಏಪ್ರಿಲ್ 30

ನನ್ನ ಪ್ರೀತಿಯ ಅತ್ತಿಗೆ,

ನಿಮ್ಮನ್ನು ಹತ್ತಿಸಿಕೊಂಡು ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕೇಂದ್ರ ಬಿಕೋ ಅನ್ನುತ್ತಿದೆ. ಸೊಂಟ ಹೇಗಿದೆ? ಅಣ್ಣನ ಹತ್ತಿರ ತೋರಿಸಬೇಡಿ, ಹಲ್ಲು ಕಿತ್ತಾರು.

ಕಣ್ಣು ಮುಚ್ಚಿದರೆ ಆ ದೃಶ್ಯವೇ ಬರುತ್ತದೆ. ಮುಖ ಗಂಟು ಹಾಕಿಕೊಂಡು, ದೊಡ್ಡ ಸಾಹೇಬರು ತಪಾಸಣೆಗೆ ಬಂದ ಹಾಗೆ ನೀವು ಮುಂದೆ, ನಾನು ಹಿಂದೆ. “ಅತ್ತಿಗೆ, ಅಲ್ಲಿ—” ಅಂದೆ. “ನನಗೆ ಕಾಣುತ್ತೆ” ಅಂದಿರಿ. ಮರುಗಳಿಗೆಯಲ್ಲಿ ನೀವೇ ಕಾಣಲಿಲ್ಲ! ಎಲೆ ಮುಚ್ಚಿದ್ದ ಕಂದಕದೊಳಗೆ ಸೊಂಟದವರೆಗೆ ಕೆಸರಲ್ಲಿ ಕೂತು, ಕನ್ನಡಕ ಒಂದು ಕಿವಿಗೆ ಮಾತ್ರ ತಗುಲಿಕೊಂಡು, “ಏನೇ ಇದು, ಕಾಡಲ್ಲಿ ಚರಂಡಿ?” ಅಂತ ಕೇಳಿದಿರಿ. ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಆಗಲಿಲ್ಲ.

ಆಮೇಲೆ ನೀವು ಕೂತಲ್ಲೇ ಗೋಡೆಯಿಂದ ಚಾಚಿದ್ದ ಬೇರಿನ ತುಂಡು ಹಿಡಿದಿರಿ. ನಿಮ್ಮ ಮುಖದ ಬಣ್ಣವೇ ಬದಲಾಯಿತು.

“ಬೇರು ಕಡಿದಿದೀಯಾ?”

“ಹೂಂ. ಡಬ್ಬಿಗಳ ಸುತ್ತ ಕಂದಕ ತೋಡಿ ಪ್ಲಾಸ್ಟಿಕ್ ಹಾಳೆ ಇಳಿಸಿದೀನಿ. ಡಬ್ಬಿ ಕೆಳಗೆ ಮರದ ಬೇರು ಬರಬಾರದು ಅಂತ.”

“ಅಂದ್ರೆ ನೀನು ಕಳಿಸ್ತಿರೋದು ಬರೀ ಮಣ್ಣಿನ ಉಸಿರಾ? ಬೇರಿನ ಉಸಿರು ಅದರಲ್ಲಿ ಇಲ್ವಾ?”

“ಅದೇ ನಿಮ್ಮ ಉಡುಗೊರೆ ಅತ್ತಿಗೆ! ಡಬ್ಬೀಲಿ ಎರಡೂ ಬೆರೆತು ಬರುತ್ತೆ, ಮರದ ಲೆಕ್ಕಕ್ಕೆ ಸೇರೋ ಬೇರಿನ ಪಾಲು ಊಹಿಸಿ ಊಹಿಸಿ ಕಳೆದು ಸಾಕಾಯ್ತು ಅಂತ ಗೋಳಾಡ್ತಿದ್ರಲ್ಲ. ಊಹಿಸೋ ಗೋಜೇ ಬೇಡ ಅಂತ ಹೋದ ಬೇಸಿಗೆಯೆಲ್ಲ ಕೂತು ನಾನೇ ತೋಡಿದೆ.”

“ಅಯ್ಯೋ ನನ್ನ ಕರ್ಮವೇ! ನಾನು ಬೇರಿನ ಪಾಲು ಅಂತ ಮೂರರಲ್ಲಿ ಒಂದು ಭಾಗ ಇನ್ನೂ ಕಳೀತಾನೇ ಇದೀನಿ ಕಣೇ!”

ಒಂದೇ ಪಾತ್ರೆಗೆ ನೀವೊಂದು ಸಲ, ನಾನೊಂದು ಸಲ ಉಪ್ಪು ಹಾಕಿದ ಹಾಗಾಯಿತು. ನಾನು ಕಡಿದ ಬೇರನ್ನೇ ನೀವು ಇನ್ನೊಮ್ಮೆ ಕಡಿದಿರಿ. ಪಾಪ ಚಿಟಿಕೆಯ ಮಣ್ಣು ಉಸಿರು ಬಿಡೋದಾದರೂ ಹೇಗೆ? ನಿಮ್ಮನ್ನು ಮೇಲೆ ಎತ್ತಲು ಬಂದವಳು ನಾನೂ ಜಾರಿದೆ, ಇಬ್ಬರೂ ಆ ಕೆಸರಲ್ಲಿ ಕೂತು ಅತ್ತೆವೋ ನಕ್ಕೆವೋ ದೇವರಿಗೇ ಗೊತ್ತು. ನನಗಂತೂ ಅಷ್ಟು ಸುಖ ಯಾವತ್ತೂ ಆಗಿರಲಿಲ್ಲ.

ನೀವು ಬೈದದ್ದು ಸರಿಯೇ. ಭಂಡಾರದ ವಿವರಣೆಯಲ್ಲಿ ಬರೆದರೆ ನೀವು ಓದಿಬಿಡುತ್ತೀರಿ, ಗುಟ್ಟು ಹೊರಬೀಳುತ್ತದೆ ಅಂತ ಕಂದಕದ ವಿಷಯ ಅಲ್ಲೂ ತಡೆದಿಟ್ಟಿದ್ದೆ. ನೀವು ಹೊರಟ ಕೂಡಲೇ ಸೇರಿಸಿದ್ದೇನೆ. ಈಗ ಓಡಿಸಿ ಚಿಟಿಕೆಯನ್ನು!

ಪುಟ್ಟಿ

*

ಮೇ 6

ಪುಟ್ಟಿ,

ಸೊಂಟ ಪರವಾಗಿಲ್ಲ. ಕುರ್ಚಿಯಿಂದ ಏಳುವಾಗ ಮಾತ್ರ ನಿನ್ನ ಹೆಸರು ಹೇಳಿಕೊಂಡು ಏಳುತ್ತೇನೆ.

ಬಂದವಳು ಬ್ಯಾಗು ಕೂಡ ಇಳಿಸದೆ ಕಂಪ್ಯೂಟರ್ ಮುಂದೆ ಕೂತೆ. ಕಳೆಯುವ ಆ ಒಂದು ಸಾಲು ಅಳಿಸಿದೆ, ಓಡಿಸಿದೆ. ಮಣ್ಣು ಉಸಿರು ಬಿಟ್ಟಿತು ಕಣೇ! ನೆಲಕ್ಕೆ ಅಂಟಿಕೊಂಡಿದ್ದ ಚಿಟಿಕೆಯ ಗೆರೆ ಎದ್ದು ನಿಂತು, ನಿಜವಾದ ಅಳತೆಯ ಗೆರೆಯ ಪಕ್ಕಕ್ಕೇ ಹೋಯಿತು. ಗಡಿಯಾರದ ಸಾಹೇಬರಿಗೆ ಕಥೆಯೆಲ್ಲ ಹೇಳಿದೆ. ಗಡಿಯಾರ ನೋಡುವುದನ್ನೇ ಮರೆತು ನನ್ನನ್ನು ನೋಡಿದರು. “ಅಲ್ರೀ, ನೀವಿಬ್ಬರು ವಿಜ್ಞಾನಿಗಳೋ, ಅತ್ತಿಗೆ ನಾದಿನಿಯರೋ?” “ಎರಡೂ ಸರ್, ತೊಂದರೆ ಆಗಿರೋದೇ ಅದರಿಂದ” ಅಂದೆ.

ಆದರೆ ಪುಟ್ಟಿ, ಪಕ್ಕಕ್ಕೆ ಹೋಯಿತು ಅಂದೆನೇ ಹೊರತು ಸೇರಿತು ಅನ್ನಲಿಲ್ಲ. ಪರೀಕ್ಷೆಯವರು ಇಷ್ಟರೊಳಗೆ ಇರಬೇಕು ಅಂತ ಒಂದು ಅಂಚು ಹಾಕಿದ್ದಾರೆ. ಚಿಟಿಕೆ ಅದರಿಂದ ಕೂದಲೆಳೆಯಷ್ಟು ಹೊರಗಿದೆ. ಕಡಲಿನ ಬಟ್ಟಲಿಗೆ ಒಂದು ತಿರುಪು ಇದೆ, ಕಡಲು ಎಷ್ಟು ಬೇಗ ಕುಡಿಯುತ್ತದೆ ಅನ್ನುವ ಅಂಕಿ. ಅದನ್ನು ಒಂಚೂರು ತಿರುಗಿಸಿದರೆ ಎರಡು ಗೆರೆ ಒಂದರ ಮೇಲೊಂದು ಕೂತುಬಿಡುತ್ತವೆ. ತಿರುಗಿಸಿ ನೋಡಿದೆ, ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಆದರೆ ಕಡಲಲ್ಲಿ ಅಳೆದವರು ಯಾರೂ ಹಾಗೆ ಹೇಳಿಲ್ಲ. “ಎಲ್ಲರೂ ಸ್ವಲ್ಪ ತಿರುಗಿಸ್ತಾರಮ್ಮ” ಅನ್ನುತ್ತಾರೆ ಸಾಹೇಬರು.

ನಿನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ಈಗ ಹೇಳದಿದ್ದರೆ ಎರಡನೇ ಕಂದಕಕ್ಕೆ ಬೀಳುತ್ತೇವೆ. ಚಿಟಿಕೆ ಹೋದರೆ ನನ್ನ ಕೋಣೆಯೊಂದೇ ಅಲ್ಲ, ನಿನ್ನ ಕೇಂದ್ರವನ್ನೂ ಮುಚ್ಚುತ್ತಾರೆ. ನಿನ್ನ ಅಂಕಿಗಳನ್ನು ಬಳಸುವವರು ಬೇರೆ ಯಾರೂ ಇಲ್ಲ ಅಂತ ಆದೇಶ ಬರೆದಿಟ್ಟುಕೊಂಡೇ ಕೂತಿದ್ದಾರೆ. ಮಾರ್ಚ್‌ನಿಂದಲೂ ನನಗೆ ಗೊತ್ತಿತ್ತು. ನೀನು ಮಳೆ ಬಿದ್ದ ದಿನ ಚಪ್ಪಾಳೆ ಹೊಡೆದೆ ಅಂತ ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ಹೇಳಲು ಬಾಯಿಯೇ ಬರಲಿಲ್ಲ.

ನನ್ನ ಕೋಣೆಯ ಮಾತಾಗಿದ್ದರೆ ಯೋಚನೆಯೇ ಮಾಡುತ್ತಿರಲಿಲ್ಲ. ನಿನ್ನ ಕಾಡನ್ನು ಪಣಕ್ಕಿಡಲು ನಾನು ಯಾರು? ಹದಿನೈದನೇ ತಾರೀಕು ಪರೀಕ್ಷೆ. ತಿರುಪು ತಿರುಗಿಸಲಾ, ಬೇಡವಾ? ಅದೇ ಗಾಡಿಯಲ್ಲಿ ಉತ್ತರ ಕಳಿಸು.

ಅತ್ತಿಗೆ

*

ಮೇ 16

ಪುಟ್ಟೀ, ಪುಟ್ಟೀ, ಪುಟ್ಟೀ!

ನಿನ್ನ ಉತ್ತರ ಬರಲಿಲ್ಲ. ಗಾಡಿ ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. ಪರೀಕ್ಷೆಯ ಬೆಳಿಗ್ಗೆ ನಿಮ್ಮಣ್ಣ ಬಸ್ ನಿಲ್ದಾಣದವರೆಗೆ ಓಡಿಹೋಗಿ ಕೇಳಿ ಬಂದರು. ಒಂದು ಕೈಯಲ್ಲಿ ತಿರುಪು ತಿರುಗಿಸಿದ ಚಿಟಿಕೆ, ಇನ್ನೊಂದು ಕೈಯಲ್ಲಿ ತಿರುಗಿಸದ ಚಿಟಿಕೆ ಹಿಡಿದುಕೊಂಡು ಸಭಾಂಗಣಕ್ಕೆ ಹೋದೆ.

ನನಗಿಂತ ಮುಂಚೆ ಹೋದವರದ್ದೆಲ್ಲ ಗೆರೆ ಮೇಲೆ ಗೆರೆ, ಒಂದಕ್ಕಿಂತ ಒಂದು ಚೆಂದ. ನನ್ನ ಸರದಿ ಬಂತು. ಆ ಚೆಂದದ ಗೆರೆಯನ್ನು ಪರದೆಗೆ ಹಾಕಲು ಕೈ ಇಟ್ಟವಳು, ಕೆಸರಲ್ಲಿ ಕೂತಿದ್ದ ನಿನ್ನ ಮುಖ ನೆನಪಾಗಿ, ಹಾಕಲಾಗಲಿಲ್ಲ ಕಣೇ. ಇದ್ದದ್ದನ್ನು ಇದ್ದ ಹಾಗೇ ಹಾಕಿದೆ. “ನನ್ನ ಮಾದರಿ ನಿಮ್ಮ ಅಂಚಿನಿಂದ ಹೊರಗಿದೆ. ಕಡಲಿನ ತಿರುಪು ತಿರುಗಿಸಿದರೆ ಒಳಗೆ ಬರುತ್ತೆ. ಆದರೆ ಅದಕ್ಕೆ ನನ್ನ ಹತ್ತಿರ ಆಧಾರವಿಲ್ಲ” ಅಂದೆ. ಗಡಿಯಾರದ ಸಾಹೇಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಮುಖ್ಯ ಪರೀಕ್ಷಕಿ ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. “ನೆಲದ ಭಾಗ ಹೊಸದು ಅಂತ ಇದೆಯಲ್ಲ, ಅದರ ಕಥೆ ಏನು?” ಅಂದರು. ಹೇಗೂ ಮುಳುಗಿದವಳಿಗೆ ಚಳಿಯೇನು ಮಳೆಯೇನು! ಉಡುಗೊರೆಯಿಂದ ಹಿಡಿದು ನಾನು ಕಂದಕಕ್ಕೆ ಬಿದ್ದದ್ದರವರೆಗೆ ಒಂದೂ ಬಿಡದೆ ಹೇಳಿದೆ. ಸಭೆ ನಕ್ಕು ನಕ್ಕು ಬಿದ್ದಿತು. ನಾನೂ ನಕ್ಕೆ.

ಮೂರನೇ ಸಾಲಿನಲ್ಲಿ ಒಬ್ಬ ಮಾತ್ರ ನಗುತ್ತಿರಲಿಲ್ಲ. ನಿಧಾನವಾಗಿ ಕೈ ಎತ್ತಿದ. “ಆ ಕಾಡಿನ ಅಂಕಿಗಳನ್ನ ನಾವೂ ಭಂಡಾರದಿಂದ ತಗೊಂಡಿದೀವಿ. ನಾವೂ... ಬೇರಿನ ಪಾಲು ಕಳೆದಿದೀವಿ” ಅಂದ. ಅವನ ಹಿಂದೆ ಇನ್ನೊಬ್ಬಳು, “ನಾವೂ.” ಬಾಗಿಲ ಹತ್ತಿರದಿಂದ ಮತ್ತೊಬ್ಬರು. ನಗು ನಿಂತುಹೋಯಿತು. “ಹಾಗಾದರೆ ನಿಮ್ಮ ಗೆರೆಗಳು ಅಷ್ಟು ಚೆನ್ನಾಗಿ ಹೇಗೆ ಕೂತವು?” ಅಂತ ಪರೀಕ್ಷಕಿ ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಗದ ತಿರುವಿ ಹಾಕಿದರು. ಕೊನೆಗೆ ಆ ಮೂರನೇ ಸಾಲಿನವನೇ, “ಕಡಲಿನ ತಿರುಪು” ಅಂದ. ಪಾಪ, ಒಳ್ಳೆಯ ಹುಡುಗ. ಊಟದ ಹೊತ್ತಲ್ಲಿ ಅವನಿಗೆ ನನ್ನ ತಟ್ಟೆಯ ಸಿಹಿ ಕೊಟ್ಟೆ.

ತೀರ್ಪು ಕೇಳು. ಆ ಪರೀಕ್ಷಕಿ ಅಜ್ಜಿ ಎದ್ದು ನಿಂತು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಅಂಚಿನ ಹೊರಗಿರೋ ಮಾದರಿ ಚಿಟಿಕೆ ಒಂದೇ. ತಾನು ಎಲ್ಲಿದ್ದೀನಿ, ಯಾಕಿದ್ದೀನಿ ಅಂತ ಹೇಳಬಲ್ಲ ಮಾದರಿಯೂ ಅದೊಂದೇ. ಉಳಿದವರು ಮನೆಗೆ ಹೋಗಿ ನೆಲ ಸರಿಮಾಡಿಕೊಂಡು ಬನ್ನಿ.” ಚಿಟಿಕೆ ಉಳಿಯಿತು! ಕೋಣೆ ಉಳಿಯಿತು! ನಿನ್ನ ಕೇಂದ್ರ ಮುಚ್ಚುವ ಆದೇಶವನ್ನು ಸಾಹೇಬರು ಎಲ್ಲರೆದುರು ಹರಿದು ಜೇಬಿಗೆ ಹಾಕಿಕೊಂಡರು. ಈಗ ಎಲ್ಲರಿಗೂ ನಿನ್ನ ಅಂಕಿಗಳೇ ಬೇಕು, ದಿನದಿನದ್ದೂ ಬೇಕು. ಇಂಥ ಕಂದಕ ಇನ್ನೂ ಬೇರೆ ಬೇರೆ ಕಾಡುಗಳಲ್ಲಿ ತೋಡಿಸಬೇಕಂತೆ, ಉಸ್ತುವಾರಿ ನಿನ್ನದೇ ಅಂತೆ. ಆನೆಯವರು ಕೂಡ ಸಂಜೆ ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತು, “ಮೇಡಂ, ನಮ್ಮದನ್ನೂ ಒಂಚೂರು ನೋಡ್ತೀರಾ?” ಅಂದರು.

ನಿಮ್ಮಣ್ಣ ಹೊಸ ಕೋಟು ಹಾಕಿಕೊಂಡು ಬಂದಿದ್ದರು. ಚಪ್ಪಾಳೆ ಹೊಡೆಯುವಾಗ ಎರಡು ಗುಂಡಿ ಹಾರಿಹೋದವು.

ನಿನ್ನನ್ನು ಕೇಳದೆ ನಿನ್ನ ಕಾಡನ್ನು ಪಣಕ್ಕಿಟ್ಟೆ. ಗೆದ್ದೆವು ನಿಜ, ಆದರೂ ಅದೊಂದು ಮಾತ್ರ ಎದೆಯಲ್ಲಿ ಕುಟುಕುತ್ತಿದೆ. ನೀನು ಏನು ಬರೆದಿದ್ದೆಯೋ ಏನೋ.

ಅತ್ತಿಗೆ

*

ಮೇ 11

(ಗಾಡಿ ಕೆಟ್ಟದ್ದರಿಂದ ಪರೀಕ್ಷೆ ಮುಗಿದು ಐದು ದಿನಗಳ ಮೇಲೆ ಅತ್ತಿಗೆಗೆ ತಲುಪಿದ್ದು)

ನನ್ನ ಅತ್ತಿಗೆ,

ನಿನ್ನೆ ಕಾಗದ ತಂದು ರಾತ್ರಿ ಇಲ್ಲೇ ತಂಗಿದ್ದ ಡ್ರೈವರ್ ಈಗ ಗಾಡಿ ಸ್ಟಾರ್ಟ್ ಮಾಡಿಕೊಂಡೇ ಕಾಯುತ್ತಿದ್ದಾರೆ, ಅವಸರದಲ್ಲಿ ಗೀಚುತ್ತಿದ್ದೇನೆ. ಮೊದಲ ಮಾತು ಮೊದಲೇ: ತಿರುಪು ಮುಟ್ಟಬೇಡಿ.

ಮಾರ್ಚ್‌ನಿಂದ ಒಬ್ಬರೇ ಹೊತ್ತುಕೊಂಡು ತಿರುಗಿದ್ದೀರಲ್ಲ, ಅದಕ್ಕೆ ನಿಮ್ಮ ಮೇಲೆ ಕೆಂಡದಂಥ ಕೋಪ ಬಂದಿದೆ. ಮನೆಗೆ ಬಂದು ಎದುರು ಕೂತು ಜಗಳ ಆಡ್ತೀನಿ. ಅಣ್ಣನ ಕೋಣೆ ಪಕ್ಕದ ಕೋಣೆ ಖಾಲಿ ಮಾಡಿಸಿಡಿ.

ಕೇಂದ್ರ ಮುಚ್ಚಿದರೆ ನನಗೆ ಸಂಕಟ ಆಗಲ್ಲ ಅಂತ ಸುಳ್ಳು ಹೇಳಲ್ಲ. ನಿಮ್ಮ ಕಾಗದ ಓದಿ ಕೊಳದ ದಂಡೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಆದರೆ ಅತ್ತಿಗೆ, ನಾನು ಆ ಕಂದಕ ತೋಡಿದ್ದು ಯಾಕೆ? ನೀವು ಊಹಿಸಬಾರದು ಅಂತ. ಬೇರನ್ನು ಊಹಿಸೋದು ಬೇಡ ಅಂತ ಬೇಸಿಗೆಯೆಲ್ಲ ಮಣ್ಣು ಅಗೆದವಳು ಈಗ ಕಡಲನ್ನು ಊಹಿಸಿ ಅಂತ ಹೇಗೆ ಹೇಳಲಿ? ನನ್ನ ಕಾಡು ಉಳಿಸೋಕೆ ನೀವು ಒಂದು ಸುಳ್ಳು ಅಂಕಿ ಬರೆದರೆ, ನಾಳೆ ಈ ಡಬ್ಬಿಗಳ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಇದ್ದ ಹಾಗೇ ತೋರಿಸಿ. ಬಿದ್ದರೆ ಇಬ್ಬರೂ ಬೀಳೋಣ, ಅಭ್ಯಾಸ ಆಗಿದೆಯಲ್ಲ.

ನನ್ನ ಬಗ್ಗೆ ಚಿಂತೆ ಬೇಡ. ನಿಮ್ಮ ಕಾಗದ ಬಂದ ಮೇಲೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿದೆ, ಬಟ್ಟೆ ಮಡಿಸಿಟ್ಟೆ, ಪಾತ್ರೆ ತೊಳೆದು ಬೋರಲು ಹಾಕಿದೆ. ಹೊರಟುನಿಲ್ಲೋಕೆ ಎಲ್ಲ ತಯಾರು. ಡಬ್ಬಿಗಳನ್ನು ಕೀಳೋಕೆ ಮಾತ್ರ ಕೈ ಬರಲಿಲ್ಲ. ಮೋಡ ಕಟ್ಟಿದೆ, ಇವತ್ತು ಮಳೆ ಬರುವ ಹಾಗಿದೆ. ಮಳೆ ಬಿದ್ದ ಮರುದಿನದ ಅಳತೆ ತುಂಬ ಚೆನ್ನಾಗಿರುತ್ತದೆ. ಯಾರಿಗೂ ಬೇಡದಿದ್ದರೂ ಪರವಾಗಿಲ್ಲ, ಬೆಳಿಗ್ಗೆ ಎದ್ದು ಅದೊಂದನ್ನು ತೆಗೆದುಬಿಡ್ತೀನಿ.

ನಿಮ್ಮ ಪುಟ್ಟಿ